ಜೀವಕಳೆ: ಸ್ಫೂರ್ತಿ ಹುಡುಕುವ ಕಲಾವಿದನ ಕುರಿತು ಕರಾಳ ಭಯ-ಹಾಸ್ಯದ ಕಿರುಚಿತ್ರಕಥೆ ಬರೆಯುವ ಬಗೆ

ಕಲೆಯನ್ನು ಹೊಗಳಲು ಕನ್ನಡದಲ್ಲಿ ನಾವು ಬಳಸುವ ಮಾತುಗಳನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದರೆ ಅದು ಕೊಲೆ ಮೊಕದ್ದಮೆಯ ದೋಷಾರೋಪಪಟ್ಟಿಯಂತೆ ಕಾಣುತ್ತದೆ. ಚಿತ್ರಕ್ಕೆ ಜೀವ ತುಂಬಿದ್ದಾರೆ, ಪಾತ್ರಕ್ಕಾಗಿ ಜೀವ ತೇದಿದ್ದಾರೆ, ರಕ್ತ ಬಸಿದು ಬರೆದಿದ್ದಾರೆ ಎಂದು ನಾವು ಯಾವ ಅಳುಕೂ ಇಲ್ಲದೆ ಹೇಳುತ್ತೇವೆ. ಈ ಮಾತುಗಳಲ್ಲಿ ಒಂದನ್ನು ಅಕ್ಷರಶಃ ನಂಬುವ ಕಲಾವಿದ ಸಿಕ್ಕರೆ ಕರಾಳ ಭಯ-ಹಾಸ್ಯದ ಕಥೆ ಅರ್ಧ ಹುಟ್ಟಿದಂತೆಯೇ. ಅವನು ಕಡೆಯ ದೃಶ್ಯದವರೆಗೂ ತನ್ನನ್ನು ತಾನು ಹಾಸ್ಯಪಾತ್ರವೆಂದು ತಿಳಿಯದಂತೆ ಕಾಯುವುದು ಉಳಿದರ್ಧ ಕೆಲಸ, ಮತ್ತು ಅದೇ ಕಷ್ಟದ ಕೆಲಸ.

ಈ ಮಾರ್ಗದರ್ಶಿಯನ್ನು ಹದಿನೈದು ನಿಮಿಷಗಳ ಕಿರುಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಚಿತ್ರಕಥೆಯ ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ರೂಢಿಯ ಲೆಕ್ಕದಂತೆ ನಿಮ್ಮ ಬಳಿ ಇರುವುದು ಹದಿನೈದು ಪುಟ. ಮೊದಲಿನಿಂದ ಕೊನೆಯವರೆಗೆ ಒಂದೇ ಉದಾಹರಣೆಯನ್ನು ಬೆಳೆಸುತ್ತಾ ಹೋಗುತ್ತೇನೆ. ನಿಮ್ಮ ಕಥೆ ಬೇರೆಯದಾಗಿರಲಿ, ಹಂತಗಳು ಮಾತ್ರ ಇದೇ ಕ್ರಮದಲ್ಲಿರಲಿ.

ಹಂತ 1: ಕಲಾವಿದನ ಕೊರತೆಗೆ ಅವನದೇ ಒಂದು ತಪ್ಪು ವಿವರಣೆ ಕೊಡಿ

ಸ್ಫೂರ್ತಿ ಬತ್ತಿಹೋದ ಕಲಾವಿದ ಕಿಟಕಿಯ ಹೊರಗೆ ನೋಡುತ್ತಾ ನಿಟ್ಟುಸಿರು ಬಿಡುವ ದೃಶ್ಯದಿಂದ ಆರಂಭವಾಗುವ ಕರಡುಗಳು ಎಷ್ಟೋ ಇವೆ. ಸ್ಫೂರ್ತಿಯಿಲ್ಲದಿರುವುದು ಕಣ್ಣಿಗೆ ಕಾಣುವ ಸಂಗತಿಯಲ್ಲವಾದ್ದರಿಂದ ಆ ದೃಶ್ಯದಲ್ಲಿ ಏನೂ ನಡೆಯುವುದಿಲ್ಲ. ಅದರ ಬದಲು, ತನ್ನ ಸೋಲಿಗೆ ಕಾರಣವೇನೆಂದು ಅವನು ನಂಬಿದ್ದಾನೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯೇ ಇಲ್ಲಿ ನಿಮ್ಮ ಗುರು. ಅವನು ಯಾವ ನೆಲವನ್ನು ಡೊಂಕು ಎನ್ನುತ್ತಾನೆ?

ನಮ್ಮ ಉದಾಹರಣೆಯ ನಾಯಕ ಭಾವಚಿತ್ರಗಳನ್ನು ಬರೆಯುವ ಚಿತ್ರಕಾರ. ತೈಲವರ್ಣವಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ ಎಂಬುದು ಅವನ ವ್ರತ. ಮೊದಲ ಪುಟದಲ್ಲೇ ವಿಮರ್ಶಕಿಯೊಬ್ಬರು ಅವನ ಚಿತ್ರದ ಮುಂದೆ ನಿಂತು, "ಎಲ್ಲವೂ ಇದೆ, ಜೀವಕಳೆಯೊಂದೇ ಇಲ್ಲ" ಎಂದು ಹೇಳಿ ಹೊರಟುಹೋಗುತ್ತಾರೆ. ತನ್ನ ಕೈಯಲ್ಲಿ ದೋಷವಿದೆ ಎಂದು ಅವನಿಗೆ ಒಂದು ಕ್ಷಣವೂ ಅನಿಸುವುದಿಲ್ಲ. ಮಾದರಿಯಾಗಿ ಕುಳಿತವರು ಅಲುಗಾಡುತ್ತಾರೆ, ಕೆಮ್ಮುತ್ತಾರೆ, ಕಣ್ಣು ಮಿಟುಕಿಸುತ್ತಾರೆ, ಅದರಿಂದಲೇ ಚಿತ್ರ ಕೆಡುತ್ತಿದೆ ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತ ತಪ್ಪಾಗಿರಬೇಕು, ಆದರೆ ಪೂರ್ತಿ ಹುಚ್ಚಾಗಿರಬಾರದು. ಕುಳಿತವರು ಅಲುಗಾಡುವುದು ಯಾವ ಚಿತ್ರಕಾರನಿಗೂ ತೊಂದರೆಯೇ ತಾನೆ.

ವಿಮರ್ಶಕಿಯ ಮಾತಿನಲ್ಲಿರುವ ಶ್ಲೇಷೆಯನ್ನು ಯಾವ ಪಾತ್ರದ ಬಾಯಲ್ಲೂ ಬಿಡಿಸಿ ಹೇಳಿಸಬೇಡಿ. ಕಿರುಚಿತ್ರದ ಹೆಸರು ಆರಂಭದಲ್ಲಿ "ಜೀವಕಳೆ" ಎಂದು ಕೂಡಿಕೊಂಡು ಬರಲಿ, ಕೊನೆಯಲ್ಲಿ "ಜೀವ ಕಳೆ" ಎಂದು ನಡುವೆ ಜಾಗ ಬಿಟ್ಟು ಬರಲಿ. ಕಂಡವರು ಕಾಣಲಿ.

ಹಂತ 2: ಕಲಾವಿದರ ನಿಜಚರಿತ್ರೆಯಿಂದ ಒಂದು ಅಣುವನ್ನು ಎರವಲು ಪಡೆಯಿರಿ

ಈ ಬಗೆಯ ಕಥೆ ನಂಬಿಕೆ ಹುಟ್ಟಿಸುವುದು ಅದರ ತಳದಲ್ಲಿ ಒಂದು ನಿಜವಿದ್ದಾಗ. ಮೂರು ಪ್ರಸಂಗಗಳನ್ನು ನಾನು ಸದಾ ಕೈಗೆಟುಕುವಂತೆ ಇಟ್ಟುಕೊಂಡಿರುತ್ತೇನೆ.

ಒಂದು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯದು. 1879ರಲ್ಲಿ ಅವನ ಹೆಂಡತಿ ಕಮೀಲ್ ತೀರಿಕೊಂಡಾಗ ಅವನು ಅವಳ ಶವದ ಚಿತ್ರ ಬರೆದ. ಅವಳ ಕಣತಲೆಯ ಮೇಲೆ ಸಾವು ತರುತ್ತಿದ್ದ ನೀಲಿ, ಹಳದಿ, ಬೂದು ಛಾಯೆಗಳನ್ನು ತಾನು ಯಾಂತ್ರಿಕವಾಗಿ ಗುರುತಿಸುತ್ತಾ ಕುಳಿತಿದ್ದುದು ಅರಿವಾಗಿ ತನಗೇ ದಿಗಿಲಾಯಿತೆಂದು ಮುಂದೆ ಗೆಳೆಯ ಕ್ಲೆಮೆನ್ಸೋನ ಬಳಿ ಹೇಳಿಕೊಂಡ. ಇದರಲ್ಲಿ ಹಾಸ್ಯವೇನೂ ಇಲ್ಲ. ಆದರೆ ಭಯದ ಬೇರು ಇರುವುದು ಇಲ್ಲಿಯೇ: ದುಃಖಿಸಬೇಕಾದ ಹೊತ್ತಿನಲ್ಲೂ ಕಣ್ಣು ತನ್ನ ಕಸುಬನ್ನು ನಿಲ್ಲಿಸುವುದಿಲ್ಲ.

ಎರಡನೆಯದು ಇನ್ನೊಬ್ಬ ಫ್ರೆಂಚ್ ಚಿತ್ರಕಾರ ತೆಯೊಡೋರ್ ಜೆರಿಕೋನದು. 1816ರ ಹಡಗು ದುರಂತವೊಂದರಲ್ಲಿ 147 ಮಂದಿಯನ್ನು ಹೊತ್ತು ಹೊರಟ ತೆಪ್ಪದಲ್ಲಿ ಕಡೆಗೆ ಹದಿನೈದೇ ಮಂದಿ ಬದುಕಿ ಸಿಕ್ಕರು. ಆ ತೆಪ್ಪದ ಚಿತ್ರಕ್ಕಾಗಿ ಅವನು ಶವಾಗಾರದಿಂದ ದೇಹದ ಭಾಗಗಳನ್ನು ತನ್ನ ಕಲಾಕೋಣೆಗೆ ತಂದಿಟ್ಟುಕೊಂಡು ಅಭ್ಯಾಸ ಮಾಡಿದ. 1819ರಲ್ಲಿ ಪ್ರದರ್ಶನಗೊಂಡ, ಏಳು ಮೀಟರಿಗೂ ಹೆಚ್ಚು ಅಗಲದ ಆ ಚಿತ್ರ ಇಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅಕ್ಕಪಕ್ಕದ ಮನೆಯವರು ಏನೆಂದುಕೊಂಡಿರಬಹುದು ಎಂದು ಒಮ್ಮೆ ಯೋಚಿಸಿ ನೋಡಿ. ಆ ಪ್ರಶ್ನೆಯೊಡನೆ ಭಯ-ಹಾಸ್ಯ ಬಾಗಿಲು ತಟ್ಟುತ್ತದೆ.

ಮೂರನೆಯದು ನನಗೆ ಬಲು ಪ್ರಿಯವಾದದ್ದು. ಯೂರೋಪಿನ ಚಿತ್ರಕಾರರು ಶತಮಾನಗಳ ಕಾಲ ಮಮ್ಮಿ ಬ್ರೌನ್ ಎಂಬ ಕಂದು ಬಣ್ಣವನ್ನು ಬಳಸಿದರು, ಮತ್ತು ಅದು ನಿಜವಾಗಿಯೂ ಈಜಿಪ್ಟಿನ ಮಮ್ಮಿಗಳನ್ನು ಅರೆದು ಮಾಡಿದ ಬಣ್ಣವಾಗಿತ್ತು. ಇಂಗ್ಲೆಂಡಿನ ಎಡ್ವರ್ಡ್ ಬರ್ನ್-ಜೋನ್ಸ್ ಈ ಸಂಗತಿ ತಿಳಿದ ಕೂಡಲೇ ತನ್ನಲ್ಲಿದ್ದ ಬಣ್ಣದ ಟ್ಯೂಬನ್ನು ತೋಟಕ್ಕೆ ಒಯ್ದು, ಮನೆಯವರ ಸಮ್ಮುಖದಲ್ಲಿ ಮಣ್ಣುಮಾಡಿದ. ಗಂಭೀರ ಮುಖದ ಜನ ಒಂದು ಬಣ್ಣದ ಟ್ಯೂಬಿನ ಉತ್ತರಕ್ರಿಯೆ ನಡೆಸುತ್ತಿದ್ದಾರೆ. ಅಲ್ಲಿ ಯಾರೂ ತಮಾಷೆ ಮಾಡುತ್ತಿಲ್ಲ, ಯಾರ ನಡತೆಯಲ್ಲೂ ತಪ್ಪಿಲ್ಲ, ಆದರೂ ಆ ಟ್ಯೂಬಿನೊಳಗೆ ಒಂದು ಹೆಣವಿದೆ. ನಿಮ್ಮ ಇಡೀ ಚಿತ್ರಕಥೆಯ ಧಾಟಿ ಈ ಒಂದು ದೃಶ್ಯದಂತೆ ಇರಬೇಕು.

ಹಂತ 3: ಮೊದಲ ಸಾವಿನಲ್ಲಿ ಅವನ ಕೈವಾಡ ಇರದಿರಲಿ

ಮೊದಲ ದೃಶ್ಯದಲ್ಲೇ ಚಾಕು ಹಿಡಿದ ಕಲಾವಿದ ಬರಿಯ ಕೊಲೆಗಾರನಾಗಿಬಿಡುತ್ತಾನೆ, ಅವನೊಂದಿಗೆ ನೋಡುಗರು ಒಂದು ಹೆಜ್ಜೆಯನ್ನೂ ಇಡಲಾರರು. ಅವನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಒಂದೇ ಗೇಣು ಕೆಳಗಿರಬೇಕು.

ನಮ್ಮ ಚಿತ್ರಕಾರನ ಬಳಿ ಮಾದರಿಯಾಗಿ ಕುಳಿತುಕೊಳ್ಳಲು ಒಬ್ಬ ವೃದ್ಧರು ಬರುತ್ತಾರೆ. "ಕುಳಿತುಕೊಳ್ಳಿ" ಎಂದು ಅವನು ಎತ್ತರದ ಬೆನ್ನಿನ ಕುರ್ಚಿಯೊಂದನ್ನು ತೋರಿಸುತ್ತಾನೆ. ಅವರು ಕುಳಿತ ಸ್ವಲ್ಪ ಹೊತ್ತಿಗೆ ಸದ್ದಿಲ್ಲದೆ ತೀರಿಕೊಳ್ಳುತ್ತಾರೆ. ಚಿತ್ರಕಾರನಿಗೆ ಅದು ಗೊತ್ತಾಗುವುದೇ ಇಲ್ಲ. ಅವನಿಗೆ ಗೊತ್ತಾಗುವುದು ಒಂದೇ, ಕೊನೆಗೂ ಅಲುಗಾಡದ ಮನುಷ್ಯನೊಬ್ಬ ಸಿಕ್ಕಿದ್ದಾನೆ.

ಚಿತ್ರಕಾರ: ಯಜಮಾನರೇ, ಬೆಳಗಿನಿಂದ ಒಮ್ಮೆಯೂ ಮಿಸುಕಲಿಲ್ಲ ನೀವು. ಇಂಥ ಶಿಸ್ತನ್ನು ನಾನು ಕಂಡೇ ಇಲ್ಲ.
(ಮೌನ. ನೊಣವೊಂದು ವೃದ್ಧರ ಕೆನ್ನೆಯ ಮೇಲೆ ಕೂರುತ್ತದೆ. ಚಿತ್ರಕಾರ ಬಂದು ಅದನ್ನು ಮೆಲ್ಲನೆ ಓಡಿಸುತ್ತಾನೆ.)
ಚಿತ್ರಕಾರ: ಕ್ಷಮಿಸಿ. ಹೊಗಳಿದರೆ ನಿಮಗೆ ಸಂಕೋಚವಾಗುತ್ತದೆ, ಗೊತ್ತು.

ಈ ಚಿತ್ರ ಗ್ಯಾಲರಿಗೆ ಹೋಗುತ್ತದೆ, ಅಲ್ಲಿ ಅದೇ ವಿಮರ್ಶಕಿ "ಎಂಥ ಜೀವಕಳೆ!" ಎಂದು ಉದ್ಗರಿಸುತ್ತಾರೆ. ಕಥೆಯ ನಿಜವಾದ ಭೂತ ಇಲ್ಲಿ ಹುಟ್ಟಿತು. ಕುರ್ಚಿಯೂ ಅಲ್ಲ, ಹೆಣವೂ ಅಲ್ಲ, ಅವನನ್ನು ಹಿಡಿಯುವ ದೆವ್ವ ಆ ಮೆಚ್ಚುಗೆಯೇ. ಆದ್ದರಿಂದ ಸಾವಿನ ದೃಶ್ಯಕ್ಕೆ ಕೊಟ್ಟಷ್ಟೇ ಸಮಯವನ್ನು ಮೆಚ್ಚುಗೆಯ ದೃಶ್ಯಕ್ಕೂ ಕೊಡಿ. ಅನೇಕ ಕರಡುಗಳಲ್ಲಿ ಕೊಲೆಗೆ ನಾಲ್ಕು ಪುಟ, ಹೊಗಳಿಕೆಗೆ ನಾಲ್ಕು ಸಾಲು ಇರುತ್ತದೆ, ಕಥೆ ಕುಂಟುವುದು ಅಲ್ಲಿಂದಲೇ.

ಎರಡನೆಯ ಮಾದರಿಯ ಮಹಿಳೆಗೆ ಕುಳಿತಲ್ಲೇ ಎದೆನೋವು ಬರುತ್ತದೆ. ವೈದ್ಯರಿಗೆ ಫೋನ್ ಮಾಡಲು ಚಿತ್ರಕಾರ ಎದ್ದೇ ಏಳುತ್ತಾನೆ, ಆದರೆ ತುಟಿಯ ಆ ನೀಲಿ ಛಾಯೆಯನ್ನು ಮುಗಿಸಿ ಎದ್ದರಾಯಿತು ಎಂದು ಮತ್ತೆ ಕುಳಿತುಕೊಳ್ಳುತ್ತಾನೆ. ಮೂರನೆಯವನು ಕುರ್ಚಿಯಲ್ಲಿ ಕುಳಿತು ಮಾತನಾಡುತ್ತಲೇ ಇರುವ ವಾಚಾಳಿ, ಅವನ ಗಂಟಲಿಗೆ ಏನೋ ಸಿಕ್ಕಿಕೊಂಡಾಗ ಚಿತ್ರಕಾರ ಬೆನ್ನು ತಟ್ಟಲು ಕೈ ಎತ್ತಿ, ಹಾಗೆಯೇ ಕೆಳಗಿಳಿಸುತ್ತಾನೆ. ನಾಲ್ಕನೆಯ ಸಲ ಅವನು ಕುರ್ಚಿಯನ್ನು ಮೊದಲೇ ಒರೆಸಿ, ದಿಂಬು ಸರಿಪಡಿಸಿ, ಬಾಗಿಲ ಅಗಳಿ ಹಾಕಿ ಕಾಯುತ್ತಿರುತ್ತಾನೆ. ಆ ದೃಶ್ಯ ಅಲ್ಲಿಗೇ ಕತ್ತರಿಸಲಿ. ಕಾಣದಿರುವುದು, ತಡಮಾಡುವುದು, ಸುಮ್ಮನಿರುವುದು, ಸಿದ್ಧನಾಗುವುದು ಎಂಬ ಈ ನಾಲ್ಕು ಮೆಟ್ಟಿಲುಗಳಲ್ಲಿ ನೋಡುಗರ ನಗು ಯಾವ ಮೆಟ್ಟಿಲಿನಲ್ಲಿ ಗಂಟಲಲ್ಲೇ ನಿಲ್ಲುತ್ತದೆ ಎಂಬುದನ್ನು ನೀವು ಮೊದಲೇ ನಿರ್ಧರಿಸಿಕೊಂಡಿರಬೇಕು. ನನ್ನ ಮಟ್ಟಿಗೆ ಅದು ಮೂರನೆಯದು.

1959ರಲ್ಲಿ ರೋಜರ್ ಕೊರ್ಮನ್ ಕೇವಲ ಐದು ದಿನಗಳಲ್ಲಿ ಚಿತ್ರೀಕರಿಸಿದ "ಎ ಬಕೆಟ್ ಆಫ್ ಬ್ಲಡ್" ಚಿತ್ರದಲ್ಲಿಯೂ ಮೊದಲ ಸಾವು ಆಕಸ್ಮಿಕವೇ. ಆದರೆ ಅಲ್ಲಿನ ನಾಯಕ ಹೆಣಗಳಿಗೆ ಜೇಡಿಮಣ್ಣು ಮೆತ್ತಿ ಶಿಲ್ಪವೆಂದು ತೋರಿಸುತ್ತಾನೆ. ಆ ಉಪಾಯ ಒಮ್ಮೆ ಚೆನ್ನಾಗಿ ಬಳಕೆಯಾಗಿಹೋಗಿದೆ, ನೀವು ಬೇರೆಯದನ್ನು ಹುಡುಕಿಕೊಳ್ಳಿ.

ಹಂತ 4: ದೇಹದ ನಿಯಮಗಳನ್ನೂ ಬಣ್ಣದ ನಿಯಮಗಳನ್ನೂ ಕಲಿತು ಅವೆರಡನ್ನೂ ಜಗಳಕ್ಕೆ ಬಿಡಿ

ಭಯ-ಹಾಸ್ಯದ ಅತ್ಯುತ್ತಮ ಸನ್ನಿವೇಶಗಳು ಕಲ್ಪನೆಗಿಂತ ಹೆಚ್ಚಾಗಿ ವಾಸ್ತವದಿಂದ ಹುಟ್ಟುತ್ತವೆ. ಸತ್ತ ಕೂಡಲೇ ದೇಹ ಬಿಗಿಯುವುದಿಲ್ಲ, ಮೊದಲು ಸಡಿಲವಾಗುತ್ತದೆ. ಹಾಗಾಗಿ ಕುರ್ಚಿಗೆ ಎತ್ತರದ ಬೆನ್ನು, ಅಗಲವಾದ ತೋಳುಗಳು, ಕತ್ತಿನ ಬಳಿ ಒಂದು ದಿಂಬು ಇರದಿದ್ದರೆ ನಿಮ್ಮ ವೃದ್ಧರು ಎರಡನೆಯ ನಿಮಿಷದಲ್ಲೇ ನೆಲದ ಮೇಲಿರುತ್ತಾರೆ, ಕಥೆಯೂ ಅಲ್ಲಿಗೆ ಮುಗಿಯುತ್ತದೆ. ಸಾಮಾನ್ಯವಾಗಿ ಕೆಲವು ಗಂಟೆಗಳೊಳಗೆ ದವಡೆ ಮತ್ತು ಕತ್ತಿನ ಕಡೆಯಿಂದ ಬಿಗಿತ ಕಾಣಿಸಿಕೊಂಡು, ಸುಮಾರು 12 ಗಂಟೆಗಳ ಹೊತ್ತಿಗೆ ಇಡೀ ದೇಹವನ್ನು ಆವರಿಸುತ್ತದೆ, ಮುಂದಿನ ಒಂದೆರಡು ದಿನಗಳಲ್ಲಿ ಮತ್ತೆ ಬಿಡುತ್ತದೆ. ಸೆಕೆಯಲ್ಲಿ ಇದೆಲ್ಲವೂ ಬೇಗ ನಡೆಯುತ್ತದೆ. ಹರಿವು ನಿಂತ ರಕ್ತ ಕೆಳಕ್ಕೆ ಇಳಿಯುವುದರಿಂದ ಕುಳಿತ ಶವದ ಮುಖ ಬಿಳಿಚಿಕೊಂಡು, ಪಾದ ಮತ್ತು ಜೋತುಬಿದ್ದ ಕೈಗಳು ನೇರಳೆಗೆ ತಿರುಗುತ್ತವೆ.

ಇನ್ನೊಂದು ಕಡೆ ತೈಲವರ್ಣವಿದೆ. ಅದು ನೀರು ಆರಿದಂತೆ ಆರುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗಬೇಕು, ಮುಟ್ಟಿದರೆ ಅಂಟದಷ್ಟಾಗಲು ತೆಳು ಪದರಕ್ಕೂ ಕೆಲವು ದಿನಗಳು ಬೇಕು. ಅಂದರೆ ಪದರದ ಮೇಲೆ ಪದರ ಹಚ್ಚುವ ಈ ಚಿತ್ರಕಾರನ ಕೆಲಸ ವಾರಗಟ್ಟಲೆ ಹಿಡಿಯುತ್ತದೆ, ಎದುರಿಗೆ ಕುಳಿತವರಿಗೆ ಅಷ್ಟು ಕಾಲಾವಕಾಶವಿಲ್ಲ. ನಿಮಿಷಗಳಲ್ಲಿ ಆರುವ ಅಕ್ರಿಲಿಕ್ ಬಳಸಿದರೆ ಸಮಸ್ಯೆಯೇ ಇರುತ್ತಿರಲಿಲ್ಲ, ಆದರೆ ಅದು ಅವನ ಕಲಾಧರ್ಮಕ್ಕೆ ವಿರುದ್ಧ. ಹೆಣದ ಎದುರು ಕೂರಲು ಅಡ್ಡಿಯಿಲ್ಲದವನಿಗೆ ಅಕ್ರಿಲಿಕ್ ಮುಟ್ಟಲು ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂಬ ಒಂದು ವಿವರ ಹತ್ತು ಹಾಸ್ಯದ ಸಂಭಾಷಣೆಗಳಿಗೆ ಸಮ. ಎರಡನೆಯ ದಿನ ಬಿಗಿತ ಬಿಟ್ಟು ವೃದ್ಧರ ಕೈ ತೊಡೆಯಿಂದ ಜಾರಿದಾಗ ಅವನು ಕುಂಚ ಕೆಳಗಿಟ್ಟು, ನೊಂದ ದನಿಯಲ್ಲಿ, "ಯಜಮಾನರೇ, ನೀವೂನಾ?" ಎನ್ನುತ್ತಾನೆ. ಮೂಗಿಗೆ ಬರಬೇಕಾದ ವಾಸನೆಯನ್ನು ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಕೆಲಕಾಲ ಮರೆಸುತ್ತವೆ ಎಂದು ಒಂದು ಸಾಲಿನಲ್ಲಿ ಸೂಚಿಸಿಬಿಟ್ಟರೆ ನೋಡುಗರ ಮುಖ್ಯ ಆಕ್ಷೇಪಣೆಯೂ ತೀರುತ್ತದೆ.

ಗಮನಿಸಿ, ಇಷ್ಟರಲ್ಲಿ ಎಲ್ಲಿಯೂ ರಕ್ತ ಬಂದಿಲ್ಲ. ಬರಬೇಕಾಗಿಯೂ ಇಲ್ಲ. ಹಾಗೂ ನಿಮ್ಮ ಕಲಾವಿದ ರಕ್ತದಿಂದಲೇ ಬರೆಯಬೇಕೆಂದಿದ್ದರೆ, ಒಣಗಿದ ರಕ್ತ ಕೆಂಪಾಗಿ ಉಳಿಯದೆ ಕಂದಾಗುತ್ತದೆ ಎಂಬುದನ್ನು ಮರೆಯಬೇಡಿ. ಇಷ್ಟೆಲ್ಲ ಪಾಪ ಮಾಡಿ ಕಡೆಗೆ ದಕ್ಕಿದ್ದು ಮಣ್ಣಿನ ಬಣ್ಣ ಎಂಬ ಅವನ ನಿರಾಶೆಯೇ ಒಂದು ಚಿತ್ರಕ್ಕೆ ಸಾಕು.

ಹಂತ 5: ಪ್ರತಿ ದೃಶ್ಯದ ರಸವನ್ನು ಅಂಚಿನಲ್ಲಿ ಗುರುತಿಸಿ

ಭರತನ ನಾಟ್ಯಶಾಸ್ತ್ರ ಎಂಟು ರಸಗಳನ್ನು ಹೇಳುತ್ತಾ, ಬೀಭತ್ಸದಿಂದ ಭಯಾನಕವೂ ಶೃಂಗಾರದಿಂದ ಹಾಸ್ಯವೂ ಹುಟ್ಟುತ್ತವೆ ಎನ್ನುತ್ತದೆ. ನಮ್ಮ ಕೆಲಸಕ್ಕೆ ಇದಕ್ಕಿಂತ ಹತ್ತಿರವಾದದ್ದು ಆ ಗ್ರಂಥಕ್ಕೆ ಅಭಿನವಗುಪ್ತ ಬರೆದ ವ್ಯಾಖ್ಯಾನ. ಯಾವ ರಸವೇ ಆಗಲಿ, ಸಲ್ಲದ ಕಡೆ ಪ್ರಕಟವಾಗಿ ಆಭಾಸವಾದರೆ ಅದು ಹಾಸ್ಯಕ್ಕೆ ದಾರಿಯಾಗುತ್ತದೆ ಎಂಬುದು ಅವನ ನಿಲುವು. ಭಯ-ಹಾಸ್ಯದ ಯಂತ್ರ ಇಡಿಯಾಗಿ ಈ ಮಾತಿನೊಳಗಿದೆ. ಶವದ ಮುಂದೆ ಚಿತ್ರಕಾರನಿಗೆ ಹೆದರಿಕೆಯೋ ಅಸಹ್ಯವೋ ಆಗಬೇಕಾದಲ್ಲಿ ಕೃತಜ್ಞತೆ, ಗೌರವ, ವಾತ್ಸಲ್ಯ ಉಕ್ಕುತ್ತವೆ. ಆ ಭಾವಗಳು ನಕಲಿಯಲ್ಲ, ಜಾಗ ತಪ್ಪಿವೆ, ಅಷ್ಟೆ.

ಕರಡಿನ ಪ್ರತಿ ದೃಶ್ಯದ ಅಂಚಿನಲ್ಲಿ ಎರಡು ಪದಗಳನ್ನು ಬರೆಯಿರಿ: ಪಾತ್ರಕ್ಕೆ ಆಗುತ್ತಿರುವ ಭಾವ ಯಾವುದು, ನೋಡುಗರಿಗೆ ಆಗಬೇಕಾದ ಭಾವ ಯಾವುದು. ಎರಡೂ ಒಂದೇ ಆಗಿರುವ ದೃಶ್ಯ ನಿಮ್ಮ ಚಿತ್ರದಲ್ಲಿ ಒಂದಕ್ಕಿಂತ ಹೆಚ್ಚು ಇರಬಾರದು. ಆ ಒಂದು ದೃಶ್ಯ ಎದೆನೋವಿನ ಮಹಿಳೆಯದು ಎಂದಿಟ್ಟುಕೊಳ್ಳಿ, ಅಲ್ಲಿ ಅವಳು ನಿಜಕ್ಕೂ ಹೆದರಲಿ, ನೋಡುಗರೂ ಹೆದರಲಿ. ಉದ್ದಕ್ಕೂ ನಗಿಸುತ್ತಲೇ ಹೋದರೆ ಸತ್ತವರು ಗೊಂಬೆಗಳಾಗಿಬಿಡುತ್ತಾರೆ, ಗೊಂಬೆ ಸತ್ತರೆ ಭಯವೂ ಇಲ್ಲ, ನಗುವೂ ಇಲ್ಲ.

ನಾಟ್ಯಶಾಸ್ತ್ರ ನಗೆಯಲ್ಲೇ ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಗಳನ್ನು ಎಣಿಸುತ್ತದೆ. ಹಲ್ಲು ಕಾಣದ ಸ್ಮಿತವನ್ನೇ ಗುರಿಯಾಗಿಟ್ಟುಕೊಳ್ಳಿ, ಸಭಾಂಗಣ ಅಟ್ಟಹಾಸದಲ್ಲಿ ಮುಳುಗಿದರೆ ಮುಂದಿನ ಭಯದ ದೃಶ್ಯ ಯಾರಿಗೂ ಕೇಳಿಸುವುದಿಲ್ಲ.

ಹಂತ 6: ಅನುಮಾನಿಸುವ ಒಬ್ಬನಿರಲಿ, ಅವನು ಪತ್ತೇದಾರನಾಗದಿರಲಿ

ಪೊಲೀಸರು ಬಂದರೆ ಕಥೆ ಅವರದಾಗುತ್ತದೆ. ಬದಲಿಗೆ, ಕಲಾವಿದನ ಕೆಲಸದ ಮೇಲೆಯೇ ಬದುಕುವ ಯಾರಾದರೊಬ್ಬನಿಗೆ ಅನುಮಾನ ಹುಟ್ಟಿಸಿ. ನಮ್ಮ ಕಥೆಯಲ್ಲಿ ಅವನು ಚಿತ್ರಗಳಿಗೆ ಚೌಕಟ್ಟು ಹಾಕುವವನು. ಅವನು ಚಿತ್ರಗಳನ್ನು ಕಲೆಯೆಂದು ನೋಡುವುದಿಲ್ಲ, ಅಳತೆಯೆಂದು ನೋಡುತ್ತಾನೆ, ಹಾಗಾಗಿಯೇ ಎಲ್ಲರಿಗಿಂತ ಮೊದಲು ಕಾಣುತ್ತಾನೆ.

ಚೌಕಟ್ಟಿನವನು: ಸರ್, ಈ ಮೂವರೂ ಒಂದೇ ಕುರ್ಚಿಯಲ್ಲಿ ಕುಳಿತಿದ್ದಾರೆ.
ಚಿತ್ರಕಾರ: ಒಳ್ಳೆಯ ಕುರ್ಚಿ.
ಚೌಕಟ್ಟಿನವನು: ಒಬ್ಬರೂ ಎದ್ದು ಹೋಗಿದ್ದನ್ನು ನಾನು ನೋಡಲಿಲ್ಲ.
ಚಿತ್ರಕಾರ: ಅಷ್ಟು ಒಳ್ಳೆಯ ಕುರ್ಚಿ.
ಚೌಕಟ್ಟಿನವನು: (ಬಹಳ ಹೊತ್ತು ಯೋಚಿಸಿ) ಹಳೆಯ ಬಾಕಿ ಕೊಟ್ಟುಬಿಡಿ ಸರ್, ಇನ್ನು ಮುಂದೆ ಮುಂಗಡ ತೆಗೆದುಕೊಳ್ಳುತ್ತೇನೆ.

ಇಲ್ಲಿ ಗಮನಿಸಬೇಕಾದದ್ದು ಸಂಭಾಷಣೆಯ ಶಿಸ್ತು. ಸಾವು, ಕೊಲೆ, ಹೆಣ ಎಂಬ ಪದಗಳು ಯಾರ ಬಾಯಲ್ಲೂ ಬಂದಿಲ್ಲ. ಹದಿನೈದು ಪುಟಗಳ ಉದ್ದಕ್ಕೂ ಅವನ್ನು ನಿಷೇಧಿಸಿ ನೋಡಿ, ಪಾತ್ರಗಳು ತಾವಾಗಿಯೇ ಎಷ್ಟು ಜಾಣರಾಗುತ್ತವೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಚೌಕಟ್ಟಿನವನು ಓಡಿಹೋಗದೆ ಮುಂಗಡ ಕೇಳುವುದೂ ಮುಖ್ಯ. ಮೆಚ್ಚುಗೆ ಚಿತ್ರಕಾರನನ್ನು ಕೆಡಿಸಿದಂತೆ ಹಣ ಇವನನ್ನು ಕೆಡಿಸುತ್ತಿದೆ, ಕಥೆಯಲ್ಲಿ ಕೈ ತೊಳೆದವರು ಒಬ್ಬರೂ ಉಳಿಯುವುದಿಲ್ಲ.

ಹಂತ 7: ಅಂತ್ಯವನ್ನು ಮೊದಲ ಪುಟದಲ್ಲಿಯೇ ಹೂತಿಡಿ

ಸತ್ತವರು ಎದ್ದು ಬಂದು ಸೇಡು ತೀರಿಸಿಕೊಳ್ಳುವುದು, ಕಲಾವಿದ ಸಿಕ್ಕಿಬಿದ್ದು ಜೈಲಿಗೆ ಹೋಗುವುದು, ಎಲ್ಲವೂ ಕನಸಾಗಿತ್ತು ಎಂದು ತಿಳಿಯುವುದು, ಈ ಮೂರನ್ನೂ ಬಿಟ್ಟುಬಿಡಿ. ಇವುಗಳಲ್ಲಿ ಉತ್ತರ ಹೊರಗಿನಿಂದ ಬರುತ್ತದೆ. ಅಂತ್ಯ ಅವನ ತಪ್ಪು ಸಿದ್ಧಾಂತದೊಳಗಿನಿಂದಲೇ ಬರಬೇಕು.

ನಮ್ಮ ಚಿತ್ರಕಾರನಿಗೆ ಕೀರ್ತಿ ಬಂದಿದೆ, ಗ್ಯಾಲರಿಯವರು ಈಗ ಅವನ ಸ್ವಂತ ಭಾವಚಿತ್ರವನ್ನು ಕೇಳುತ್ತಾರೆ. ಅವನು ಕನ್ನಡಿಯ ಮುಂದೆ, ಅದೇ ಕುರ್ಚಿಯಲ್ಲಿ ಕುಳಿತು, ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ ತನ್ನನ್ನು ಬರೆದುಕೊಳ್ಳುತ್ತಾನೆ. ನೋಡುಗರು ಇಲ್ಲಿ ಅವನು ಸಾಯುತ್ತಾನೆಂದು ಎಣಿಸುತ್ತಾರೆ, ಎಣಿಸಲಿ. ಅವನು ಸಾಯುವುದಿಲ್ಲ. ಚಿತ್ರ ಮುಗಿಯುತ್ತದೆ, ವಿಮರ್ಶಕಿ ಕಲಾಕೋಣೆಗೆ ಒಬ್ಬರೇ ಬರುತ್ತಾರೆ, ಬಹಳ ಹೊತ್ತು ನೋಡುತ್ತಾರೆ. ಬದುಕಿರುವ ಮನುಷ್ಯನನ್ನು ಎದುರಿಟ್ಟುಕೊಂಡು ಬಹುಕಾಲದ ಮೇಲೆ ಅವನು ಬರೆದ ಮೊದಲ ಚಿತ್ರ ಅದು.

ವಿಮರ್ಶಕಿ: ಎಲ್ಲವೂ ಇದೆ. ಜೀವಕಳೆಯೊಂದೇ ಇಲ್ಲ.
(ಚಿತ್ರಕಾರ ತಲೆಯಾಡಿಸುತ್ತಾನೆ. ಎದ್ದು, ಕುರ್ಚಿಯ ದಿಂಬನ್ನು ಸರಿಪಡಿಸುತ್ತಾನೆ.)
ಚಿತ್ರಕಾರ: ಕುಳಿತುಕೊಳ್ಳಿ, ಮೇಡಂ.

ವಿಮರ್ಶಕಿಯ ಮಾತು ಮೊದಲ ಪುಟದಲ್ಲಿ ಇದ್ದಂತೆಯೇ, ಒಂದಕ್ಷರವೂ ಬದಲಾಗದೆ ಬರಬೇಕು. "ಕುಳಿತುಕೊಳ್ಳಿ" ಎಂಬುದನ್ನು ಅವನು ಪ್ರತಿ ಮಾದರಿಗೂ ಅದೇ ಮೃದು ದನಿಯಲ್ಲಿ ಹೇಳಿರಬೇಕು. ಆಗ ಈ ಕಡೆಯ ಸಲ ಅವನು ದನಿ ಏರಿಸುವ ಅಗತ್ಯವೇ ಇರುವುದಿಲ್ಲ.

ಹಂತ 8: ಚಿತ್ರೀಕರಣಕ್ಕೆ ಬೇಕಾದ ಕೆಲವು ಸೂಚನೆಗಳನ್ನು ಹಾಳೆಯಲ್ಲೇ ಬರೆಯಿರಿ

ಬದುಕಿರುವ ಮನುಷ್ಯ ನಿಮಿಷಕ್ಕೆ ಸುಮಾರು ಹದಿನೈದು ಇಪ್ಪತ್ತು ಬಾರಿ ಕಣ್ಣು ಮಿಟುಕಿಸುತ್ತಾನೆ. ಆದ್ದರಿಂದ ಹತ್ತು ಸೆಕೆಂಡು ಮಿಟುಕದ ಮುಖವನ್ನು ಪರದೆಯ ಮೇಲೆ ತೋರಿಸಿದರೆ ಏನೋ ಸರಿಯಿಲ್ಲವೆಂದು ಯಾರೂ ಹೇಳದೆಯೇ ನೋಡುಗರಿಗೆ ಅನಿಸುತ್ತದೆ. ಶವದ ಪಾತ್ರಧಾರಿ ಉಸಿರು ಹೊರಬಿಟ್ಟು ತಡೆಹಿಡಿಯಬಲ್ಲಷ್ಟೇ ಉದ್ದದ ಶಾಟ್‌ಗಳನ್ನು ಯೋಜಿಸಿ, ಎದೆಯ ಮೇಲೆ ದಪ್ಪ ಶಾಲು ಹೊದಿಸಿದರೆ ಇನ್ನಷ್ಟು ಕಾಲ ಸಿಗುತ್ತದೆ. ಹಿನ್ನೆಲೆ ಸಂಗೀತ ಬೇಡ, ಕ್ಯಾನ್ವಾಸಿನ ಮೇಲೆ ಕುಂಚ ಸವರುವ ಸದ್ದು, ಕುರ್ಚಿಯ ಕಿರ್ರೆನ್ನುವ ಸದ್ದು, ನೊಣದ ಗುಂಯ್ ಸದ್ದು ಸಾಕು. ಮೊದಲ ದೃಶ್ಯಗಳಲ್ಲಿ ಕುರ್ಚಿ ಕಿರ್ರೆನ್ನಲಿ, ಮುಂದೆ ಅದು ನಿಂತುಹೋಗಲಿ. ರಕ್ತ ಬೇಕೇಬೇಕೆಂದಾದರೆ, ಕಪ್ಪುಬಿಳುಪಿನಲ್ಲಿ ತೆಗೆದ "ಸೈಕೋ" ಚಿತ್ರಕ್ಕೆ 1960ರಲ್ಲಿ ಚಾಕೊಲೇಟ್ ಸಿರಪ್ಪೇ ಸಾಕಾಗಿತ್ತು ಎಂಬುದನ್ನು ನೆನಪಿಡಿ.

ಮುಚ್ಚಿದ ಕೋಣೆಯಲ್ಲಿ ನಿಜವಾದ ಟರ್ಪೆಂಟೈನ್ ತೆರೆದಿಡಬೇಡಿ, ಶೀಶೆಯಲ್ಲಿ ನೀರಿದ್ದರೂ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅವು ಒಳಗೊಳಗೇ ಕಾದು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಅವನ್ನು ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.

ಹಂತ 9: ಒಮ್ಮೆ ನಗದವರ ಮುಂದೆ ಓದಿಸಿ

ಕರಡನ್ನು ಭಾವವಿಲ್ಲದ ದನಿಯಲ್ಲಿ, ಲೆಕ್ಕಪತ್ರ ಓದುವಂತೆ, ಇಬ್ಬರಿಂದ ಓದಿಸಿ. ನಟಿಸಿ ಓದಿದರೆ ನಟನೆಗೆ ನಗುತ್ತಾರೆ, ಬರಹದ ಬಲ ತಿಳಿಯುವುದಿಲ್ಲ. ಕೇಳುವವರಲ್ಲಿ ಒಬ್ಬರಾದರೂ ಚಿತ್ರ ಬರೆಯುವವರಿರಲಿ. ಎಲ್ಲರೂ ನಗುವ ಕಡೆ ಅವರು ನಕ್ಕರೆ ಅದು ಹೆಚ್ಚಿನದೇನಲ್ಲ. ಅಕ್ರಿಲಿಕ್ ಬಳಸಲೊಪ್ಪದ ಆ ಸಾಲು ಬಂದಾಗ ಅವರು ನಗದೆ, ಸರಿಯೇ ತಾನೆ ಎಂಬಂತೆ ತಲೆಯಾಡಿಸಿದರೆ ಕರಡು ಸಿದ್ಧವಾಗಿದೆ.